ಮಂಡಿ ನೋಡುವ ಮಾವ

ಹೊಸಕೋಟೆಯಲ್ಲಿ ನನ್ನ ಸೋದರಮಾವನಷ್ಟು ಫುಟ್‌ಬಾಲ್ ಪಂದ್ಯ ನೋಡಿದವರು ಇನ್ನೊಬ್ಬರಿರಲಿಲ್ಲ. ಒಂದೇ ಒಂದು ಗೋಲನ್ನೂ ನೋಡದವರೂ ಇನ್ನೊಬ್ಬರಿರಲಿಲ್ಲ! ಕಣ್ಣಿಗೆ ಪೊರೆ ಬಂದಿತ್ತೇ ಎನ್ನುತ್ತೀರಾ? ಛೆ! ಬೀದಿಯ ಆ ತುದಿಯಲ್ಲಿ ಹೋಗುತ್ತಿರುವ ಎತ್ತಿನ ಗೊರಸಿಗೆ ಕಲ್ಲು ಸಿಕ್ಕಿದ್ದನ್ನು ಈ ತುದಿಯ ಜಗಲಿಯಲ್ಲಿ ಕೂತೇ ಹೇಳುವ ಕಣ್ಣು ಅದು. ವಿಷಯ ಇಷ್ಟೇ. ಊರೆಲ್ಲ ಚೆಂಡು ನೋಡುವಾಗ ಅವರು ಮಂಡಿ ನೋಡುತ್ತಿದ್ದರು. ಚೆಂಡು ಯಾರ ಕಾಲಿನಲ್ಲಿದೆ, ಯಾವ ಕಡೆ ಹೋಯಿತು, ಇದೆಲ್ಲ ಅವರ ಪಾಲಿಗೆ ಚಿಲ್ಲರೆ ಸಂಗತಿ. ನಮ್ಮವರು ಗೋಲು ಹೊಡೆದು ಟವೆಲ್ಲು, ಟೋಪಿ, ಯಾರದೋ ಮಗುವಿನ ಲಂಗೋಟಿ ಸಹ ಆಕಾಶಕ್ಕೆ ಹಾರುತ್ತಿದ್ದಾಗ ಮಾವ ಗಾಬರಿಯಿಂದ ನನ್ನ ತೋಳು ಹಿಡಿಯುತ್ತಿದ್ದರು.

"ಯಾರ್ ಬಿದ್ರೋ?"

"ಯಾರೂ ಬೀಳ್ಲಿಲ್ಲ ಮಾವ. ಗೋಲು!"

"ಓ, ಅಷ್ಟೇನಾ," ಎಂದು ಮತ್ತೆ ಕುರ್ಚಿಗೆ ಒರಗುತ್ತಿದ್ದರು.

ಇದು ಅರವತ್ತರ ದಶಕ ಮುಗಿಯುತ್ತ ಬಂದ ಕಾಲದ ಮಾತು. ಆಗ ಬೆಂಗಳೂರಿನಲ್ಲಿ ಕಾರ್ಖಾನೆಗೊಂದು ಫುಟ್‌ಬಾಲ್ ತಂಡ. ನಮ್ಮ ಹುಡುಗರು ಭಾನುವಾರ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಹೋಗಿ ಆಟ ನೋಡಿ ಬಂದು, ಸೋಮವಾರದಿಂದ ಹೈಸ್ಕೂಲ್ ಮೈದಾನದಲ್ಲಿ ಒಬ್ಬರ ಕಾಲು ಒಬ್ಬರು ಮುರಿಯುತ್ತಿದ್ದರು. ಕ್ರಮೇಣ ಅದಕ್ಕೆ ಕ್ಲಬ್ಬು ಎಂದು ಹೆಸರಾಯಿತು. ಕ್ಲಬ್ಬಿಗೆ ಕಾರ್ಯದರ್ಶಿ ಬೇಕಲ್ಲ? ನನ್ನನ್ನು ಹಿಡಿದರು. ನಾನು ಹುಟ್ಟಿದಂದಿನಿಂದ ಚಿಂತೆಯವನು. ಮಳೆ ಬಂದರೆ ಮೈದಾನ ಕೆಸರಾಗುತ್ತದೆಂಬ ಚಿಂತೆ, ಬರದಿದ್ದರೆ ನೆಲ ಗಟ್ಟಿಯಾಗಿ ಬಿದ್ದವನ ಮೂಳೆ ಉಳಿಯುವುದಿಲ್ಲವೆಂಬ ಚಿಂತೆ. ರೆಫರಿ ಬಸ್ಸು ತಪ್ಪಿಸಿಕೊಂಡರೆ? ತಪ್ಪಿಸಿಕೊಳ್ಳದೆ ಬಂದೇಬಿಟ್ಟು ನಮ್ಮ ವಿರುದ್ಧ ಪೆನಾಲ್ಟಿ ಕೊಟ್ಟರೆ? ಈಗ ಐವತ್ತರ ಹತ್ತಿರ ಬಂದಿದ್ದೇನೆ. ಕ್ಲಬ್ಬು ಹೋಯಿತು, ಚಿಂತೆ ಮಾತ್ರ ಖಾಯಂ ನೌಕರಿಯಲ್ಲಿದೆ.

ಮಾವನದು ಕಡಲೆಕಾಯಿ ವ್ಯಾಪಾರ. ಮನೆಯ ಮುಂದಿನ ಜಗಲಿಯೇ ಅಂಗಡಿ. ಎರಡು ಜೊತೆ ಎತ್ತು, ಎರಡು ಗಾಡಿ ಇದ್ದವು. ಎತ್ತು ಕೊಳ್ಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಹಲ್ಲು, ಕೊಂಬು, ಸುಳಿ ಯಾವುದನ್ನೂ ನೋಡರು. ಎತ್ತನ್ನು ನಾಲ್ಕು ಹೆಜ್ಜೆ ನಡೆಸಿ, ತಾವು ನೆಲಕ್ಕೆ ಕೂತು, ಮಂಡಿಯನ್ನಷ್ಟೇ ದಿಟ್ಟಿಸುತ್ತಿದ್ದರು. ಇಂಥವರು ಒಂದು ಸಂಜೆ ನನಗೆ ತಿಂಡಿ ತಲುಪಿಸಲು ಮೈದಾನಕ್ಕೆ ಬಂದರು. ಹಿಂತಿರುಗಿ ಹೋಗಲೇ ಇಲ್ಲ.

"ಆ ಹಾಫ್‌ಬ್ಯಾಕ್ ಹುಡುಗನ ಎಡ ಹಿಂಗಾಲು ಸರಿಯಾಗಿಲ್ಲ ಕಣೋ," ಎಂದರು.

"ಮಾವ, ಮನುಷ್ಯರಿಗೆ ಹಿಂಗಾಲು ಮುಂಗಾಲು ಅಂತ ಇರಲ್ಲ."

"ಇರೋ ಎರಡೂ ಹಿಂಗಾಲೇ ಅಲ್ವೇನೋ! ಮುಂಗಾಲಲ್ಲಿ ಬೀಡಿ ಸೇದ್ತಾವ್ನೆ, ನೋಡು."

ಆ ವಾರವೇ ಹಾಫ್‌ಬ್ಯಾಕು ಕುಂಟತೊಡಗಿದ. ಬಸ್ ಸ್ಟ್ಯಾಂಡಿನ ಹೋಟೆಲಿನ ಮೂಲೆ ಬೆಂಚಿನಲ್ಲಿ ಕೂತಿದ್ದ ನಮ್ಮ ಕಮಿಟಿ, ಒಂದು ಕಾಫಿಯನ್ನು ಇಬ್ಬಿಬ್ಬರು ಹಂಚಿಕೊಳ್ಳುತ್ತ, ಮಾವನನ್ನು ಕ್ಲಬ್ಬಿನ ಆರೋಗ್ಯ ಅಧಿಕಾರಿಯನ್ನಾಗಿ ಸರ್ವಾನುಮತದಿಂದ ನೇಮಿಸಿತು. ಮಾವ ಕೇಳಿದ್ದು ಒಂದೇ: ಗೆರೆಯ ಪಕ್ಕದಲ್ಲಿ ಒಂದು ಕುರ್ಚಿ.

ಅವರು ಎಡವುತ್ತಿರಲಿಲ್ಲವೆಂದಲ್ಲ. ನಮ್ಮ ಬಲಬದಿಯ ಆಟಗಾರನೊಬ್ಬ ಕಾಲೆಳೆಯುತ್ತಿದ್ದಾಗ ದಿನಾ ಹುಣಿಸೆ ಸೊಪ್ಪಿನ ಶಾಖ, ಮೇಲೆ ಹರಳೆಣ್ಣೆ ನೀವಿಕೆ ನಡೆಯಿತು. ಕೊನೆಗೆ ನೋಡಿದರೆ ಅವನ ಬೂಟಿನೊಳಗೆ ಒಂದು ಮೊಳೆ ಎದ್ದಿತ್ತು! ಮಾವ ನಾಚಿದರೇ?

"ಮೊಳೆ ತೆಗೆದ ಕೂಡ್ಲೆ ವಾಸಿಯಾಯ್ತಲ್ಲ, ಹೆಂಗೆ? ಮೊದಲೇ ಶಾಖ ಕೊಟ್ಟು ಕಾಲನ್ನ ತಯಾರು ಮಾಡಿದ್ದಕ್ಕೆ!"



ಆದರೆ ಮಾವನ ಕೀರ್ತಿ ತಾಲ್ಲೂಕಿಗೆಲ್ಲ ಹಬ್ಬಿದ್ದು ಕಡಲೆಕಾಯಿ ಪರೀಕ್ಷೆಯಿಂದ. ಪೆಟ್ಟಾದ ಆಟಗಾರ ಮತ್ತೆ ಆಡಬೇಕಾದರೆ ಪಂದ್ಯದ ಹಿಂದಿನ ದಿನ ಮಾವನ ಜಗಲಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತು ಒಂದು ಮೊರ ಬೀಜವಾಗುವಷ್ಟು ಕಡಲೆಕಾಯಿ ಬಿಡಿಸಬೇಕು. ಮಧ್ಯೆ ಏಳಬಾರದು, ಗೋಡೆಗೆ ಒರಗಬಾರದು, ಕೈ ಊರಬಾರದು. ಮಾವ ಎದುರಿಗೆ ಕೂತು ಮಂಡಿಯನ್ನು ದಿಟ್ಟಿಸುತ್ತಾರೆ. ಮೊರ ಮುಗಿದಾಗ ನರಳದೆ ಎದ್ದರೆ ಪಾಸು. ಇದನ್ನು ನೋಡಲು ಶನಿವಾರ ಸಂಜೆ ಬೀದಿ ತುಂಬುತ್ತಿತ್ತು. ಪಂದ್ಯಕ್ಕೆ ಬರುವವರಿಗಿಂತ ಇದಕ್ಕೆ ಬರುವವರೇ ಹೆಚ್ಚು! ಬಿತ್ತನೆಗೆ ಬೇಕಾದ ಬೀಜವನ್ನು ಪುಕ್ಕಟೆ ಬಿಡಿಸಿಕೊಳ್ಳಲು ಮಾವ ಹೂಡಿದ ಹೂಟ ಇದು ಎಂದು ಕೆಲವರು ಆಡಿಕೊಂಡರು. ಅನ್ಯಾಯದ ಮಾತು. ಬಿಡಿಸಿದ್ದರಲ್ಲಿ ಅರ್ಧ ಬಿಡಿಸಿದವನ ಬಾಯಿಗೆ, ಉಳಿದ ಅರ್ಧ ಅಭಿಮಾನಿಗಳ ಜೇಬಿಗೆ ಹೋಗುತ್ತಿತ್ತು. ಮಾವನಿಗೆ ಉಳಿಯುತ್ತಿದ್ದದ್ದು ಸಿಪ್ಪೆ ಮತ್ತು ಅತ್ತೆಯ ಬೈಗುಳ.

ಈ ಸಾಮ್ರಾಜ್ಯಕ್ಕೆ ಒಬ್ಬ ಶತ್ರುವಿದ್ದರು. ಹೈಸ್ಕೂಲಿನ ಡ್ರಿಲ್ ಮಾಸ್ಟರು. ಇಸ್ತ್ರಿ ಮಾಡಿದ ಬಿಳಿ ನಿಕ್ಕರು, ಕೊರಳಲ್ಲಿ ಸೀಟಿ. ಪೆಟ್ಟಾದ ಜಾಗಕ್ಕೆ ಐಸ್ ಇಡಬೇಕು, ಶಾಖ ಕೊಟ್ಟರೆ ಊತ ಹೆಚ್ಚುತ್ತದೆ ಎಂಬುದು ಅವರ ವಾದ. ಬೆಂಗಳೂರಿನಿಂದ ಬಸ್ಸಿನ ಮೇಲೆ ಗೋಣಿಚೀಲದಲ್ಲಿ, ಮರದ ಹೊಟ್ಟಿನಲ್ಲಿ ಮುಚ್ಚಿಟ್ಟು ಐಸ್ ತರಿಸುತ್ತಿದ್ದರು. ಹೊಸಕೋಟೆಗೆ ಬರುವಷ್ಟರಲ್ಲಿ ಒದ್ದೆ ಹೊಟ್ಟು ಉಳಿದಿರುತ್ತಿತ್ತು. ಊರು ಎರಡು ಪಕ್ಷವಾಯಿತು, ಶಾಖದ ಪಕ್ಷ, ಐಸಿನ ಪಕ್ಷ. ಹೋಟೆಲಿನಲ್ಲಿ ಬಿಸಿ ಕಾಫಿ ಕೇಳಿದವನನ್ನು "ಓ, ನೀನು ಆ ಕಡೆಯೋನಾ?" ಎಂದು ಕೇಳುವ ಮಟ್ಟಕ್ಕೆ ಹೋಯಿತು! ಒಮ್ಮೆ ನಮ್ಮ ಗೋಲ್‌ಕೀಪರನ ಉಳುಕಿದ ಪಾದಕ್ಕೆ ಮಾಸ್ಟರು ಐಸ್ ಇಟ್ಟು ಹೋದ ಬೆನ್ನಿಗೇ ಮಾವ ಶಾಖ ಕೊಟ್ಟರು. ಕಾದ ಕಾವಲಿಗೆ ನೀರು ಚಿಮುಕಿಸಿದಂತೆ ಅವನು ಹಾಕಿದ ಕೂಗಿಗೆ ಎದುರು ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡಿತು.

ಹೀಗೆ ನಗುನಗುತ್ತಾ ನಡೆದಿದ್ದಾಗ ಮುನಿರಾಜುವಿನ ಮಂಡಿ ಬಂತು.

ಮುನಿರಾಜು ನಮ್ಮ ಸೆಂಟರ್ ಫಾರ್ವರ್ಡ್. ಅನುಗೊಂಡನಹಳ್ಳಿ ಕಡೆಯಿಂದ ಸೈಕಲ್ಲಿನ ಎರಡೂ ಪಕ್ಕ ಹಾಲಿನ ಕ್ಯಾನು ಕಟ್ಟಿಕೊಂಡು ದಿನಾ ಹೊಸಕೋಟೆಗೆ ತುಳಿದು ತುಳಿದು ತೊಡೆ ಒನಕೆಯಂತಾಗಿತ್ತು. ಮನೆಯಲ್ಲಿ ತಾಯಿ, ಇಬ್ಬರು ತಂಗಿಯರು, ಎರಡು ಎಮ್ಮೆ. ಅವನ ಆಟ ನೋಡಿದ ಬೆಂಗಳೂರಿನ ಕಾರ್ಖಾನೆಯ ತಂಡದವರೊಬ್ಬರು, "ಬಂದು ನಮ್ಮ ಮುಂದೆ ಒಂದು ದಿನ ಆಡಿ ತೋರಿಸು, ತೇರ್ಗಡೆಯಾದರೆ ಕೆಲಸ ಖಾಯಂ," ಎಂದಿದ್ದರು. ಅದಕ್ಕೆ ಗೊತ್ತಾದ ದಿನ, ನಮ್ಮ ಟೂರ್ನಮೆಂಟ್ ಕಪ್ಪಿನ ಫೈನಲ್ಲು ಆದ ಮುಂದಿನ ಭಾನುವಾರ. ಫೈನಲ್ಲು ದೊಡ್ಡಬಳ್ಳಾಪುರದ ಮಗ್ಗದ ಹುಡುಗರ ಮೇಲೆ. ಸೆಮಿಫೈನಲ್ಲಿನಲ್ಲಿ ಮುನಿರಾಜುವಿನ ಬಲಮಂಡಿ ತಿರುಚಿಕೊಂಡಿತು!

ಆ ವಾರ ಹೊಸಕೋಟೆಯಲ್ಲಿ ಬೇರೆ ಮಾತೇ ಇಲ್ಲ.

"ಮಂಡಿ ಅಂದ್ರೆ ಏನ್ಲಾ? ಕೀಲು. ಗಾಡಿ ಕೀಲಿಗೆ ಎಣ್ಣೆ ಬಿಟ್ರೆ ಓಡಲ್ವಾ?"

"ಓಡ್ತದೆ ಗುರು. ಆದ್ರೆ ಗಾಡಿ ಎದ್ರಿಗೆ ದೊಡ್ಡಬಳ್ಳಾಪುರದ ಬ್ಯಾಕು ಕಾಲು ಅಡ್ಡ ಕೊಡಲ್ಲ."

"ಗಟ್ಟಿಯಾಗಿ ಬಟ್ಟೆ ಸುತ್ತಿ ಇಳಿಸಾಣ ಕಣ್ಲಾ. ಒಂದು ಗೋಲು ಹೊಡ್ದು ಕೂತ್ಕೊಳ್ಲಿ."

"ಆಮೇಲೆ ಮುಂದಿನ ವಾರ ಬೆಂಗಳೂರಲ್ಲಿ?"

"ಬೆಂಗಳೂರಿಂದ್ ಬೆಂಗಳೂರಲ್ಲಿ ನೋಡಾಣ! ಕಪ್ಪು ಇಲ್ಲಿ ಬೇಕಾಗೈತೆ."

ಶನಿವಾರ ಸಂಜೆ ಮುನಿರಾಜು ಜಗಲಿ ಹತ್ತಿ ಕುಕ್ಕರಗಾಲಿನಲ್ಲಿ ಕೂತ. ನಾನು ಮಾವನ ಮನೆಯ ಕಂಬ ಹಿಡಿದುಕೊಂಡೆ. ಚಟ್, ಚಟ್ ಎಂದು ಸಿಪ್ಪೆ ಒಡೆಯುತ್ತ ಹೋದ. ಮುಖ ಸಿಂಡರಿಸಲಿಲ್ಲ, ಕೈ ಊರಲಿಲ್ಲ. ಇಷ್ಟು ಬೇಗ ಯಾರೂ ಮೊರ ಮುಗಿಸಿದ್ದಿಲ್ಲ. ನೆಟ್ಟಗೆ ಎದ್ದು ನಿಂತ. ಜನ ಓ ಎಂದು ಕೂಗಿ ಅವನನ್ನು ಹೆಗಲ ಮೇಲೆ ಎತ್ತಿಕೊಳ್ಳಲು ನುಗ್ಗಿದರು.

"ಕೆಳಗಿಳೀರಿ ಎಲ್ಲಾ!" ಎಂದರು ಮಾವ. "ನಾಳೆ ಇವನು ಆಡಲ್ಲ."

"ಯಾಕೆ ಯಜಮಾನ್ರೇ? ಪಾಸಾದ್ನಲ್ಲ!"

ಮಾವ ಮೊರವನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಅಂಚಿನವರೆಗೂ ಬೀಜ ತುಂಬಿತ್ತು.

"ಇಷ್ಟು ವರ್ಷದಲ್ಲಿ ತುಂಬಿದ ಮೊರ ನಾನು ಇವತ್ತೇ ನೋಡ್ತಿರೋದು. ಒಂದು ಬೀಜ ತಿಂದಿಲ್ಲ ಇವನು. ಇವನು! ಬಿಟ್ರೆ ಸಿಪ್ಪೇನೂ ತಿನ್ನೋನು! ಯಾಕೆ ತಿನ್ನಲಿಲ್ಲ? ಹಲ್ಲು ಕಚ್ಚಿ ಹಿಡಿದಿದ್ದ. ನೋವು ನುಂಗ್ತಿದ್ದೋನ ಬಾಯಲ್ಲಿ ಕಡಲೆಕಾಯಿಗೆ ಜಾಗ ಎಲ್ಲೈತೆ?"

ಮುನಿರಾಜು ತಲೆ ತಗ್ಗಿಸಿದ. "ಯಜಮಾನ್ರೇ, ನಾಳೆ ಇಳೀದಿದ್ರೆ ಊರೋರು ನನ್ನ ಹೇಡಿ ಅಂತಾರೆ," ಎಂದ.

"ಅನ್ಲಿ. ನನ್ನ ತಲೆಕೆಟ್ಟೋನು ಅಂತಾರೆ. ಇಬ್ರೂ ಅನ್ನಿಸ್ಕೊಳ್ಳಾಣ, ಬಾ, ಕಾಲು ಚಾಚು."

ಊರು ಅಂದಿತು. ಏನೇನು ಅಂದಿತೆಂದು ಇಲ್ಲಿ ಬರೆಯುವಂತಿಲ್ಲ. ಕ್ಷೌರದವನು ಮಾವನಿಗೆ ಒಂದೇ ಕೆನ್ನೆ ಬೋಳಿಸಿ, ಕತ್ತಿ ಮಸೆಯಬೇಕೆಂದು ಹೇಳಿ ಎದ್ದು ಹೋದ. ಹೋಟೆಲಿನಲ್ಲಿ ಸಕ್ಕರೆಯಿಲ್ಲದ ಕಾಫಿ ಬಂತು. ಮಾವ ಒಂದು ಕೆನ್ನೆಯ ಗಡ್ಡದಲ್ಲೇ ಅದನ್ನು ಕುಡಿದು, "ಕಹಿ ರಕ್ತಕ್ಕೆ ಒಳ್ಳೇದು," ಎಂದು ಎದ್ದರು.

ಆಗ ಜಗಲಿಗೆ ಬಂದವರು ಯಾರೆಂದುಕೊಂಡಿರಿ? ಡ್ರಿಲ್ ಮಾಸ್ಟರು! ಕೈಯಲ್ಲಿ ತೊಟ್ಟಿಕ್ಕುವ ಗೋಣಿಚೀಲ.

"ನೋಡಿ, ನಿಮ್ಮ ಶಾಖವನ್ನು ನಾನು ಒಪ್ಪೋದಿಲ್ಲ," ಎಂದರು. "ಆದ್ರೆ ಹುಡುಗನ್ನ ಕೂರಿಸಿದ್ದು ಸರಿ."

"ನಿಮ್ಮ ಐಸು ನಾನೂ ಒಪ್ಪಲ್ಲ ಮೇಷ್ಟ್ರೇ. ಇಡಿ, ಕರಗೋಕೆ ಮುಂಚೆ."

ಬೆಳಿಗ್ಗೆ ಐಸು, ಸಂಜೆ ಶಾಖ ಎಂದು ಒಪ್ಪಂದವಾಯಿತು. ಮಂಡಿ ಯಾವುದರಿಂದ ಇಳಿಯಿತೆಂಬುದು ಇವತ್ತಿಗೂ ತೀರ್ಮಾನವಾಗಿಲ್ಲ.

ಫೈನಲ್ಲಿನಲ್ಲಿ ಮುನಿರಾಜುವಿನ ಜಾಗದಲ್ಲಿ ಇಳಿದದ್ದು ಯಾರು ಎಂದು ದಯವಿಟ್ಟು ಕೇಳಬೇಡಿ. ಕೇಳಿಯೇಬಿಟ್ಟಿರಾ? ನಾನು! ಇದ್ದೊಬ್ಬ ಬದಲಿ ಆಟಗಾರನಿಗೆ ಮೈತುಂಬ ಅಮ್ಮ ಎದ್ದಿತ್ತು. ಚೆಂಡು ನನ್ನ ಕಡೆ ಬಂದರೆ ಏನು ಮಾಡುವುದೆಂದು ಚಿಂತಿಸುತ್ತ ಓಡಿದೆ. ಬಂತು, ಬೆನ್ನಿಗೆ ತಗುಲಿ ಹೋಯಿತು. ವಿರಾಮದ ಹೊತ್ತಿಗೆ ಮಾವನ ಮುಂದೆ ಕುಸಿದು ಕೂತು ಮಂಡಿ ಹಿಡಿದುಕೊಂಡು ನರಳಿದೆ. ಮಾವ ಒತ್ತಿ ನೋಡಿದರು.

"ಕಲ್ಲುಗುಂಡಿದ್ದಂಗೈತೆ. ನಡಿ, ಆಡು!"

ಮೂರು ಗೋಲಿನಿಂದ ಸೋತೆವು. ಕಪ್ಪು ದೊಡ್ಡಬಳ್ಳಾಪುರದ ಲಾರಿ ಹತ್ತಿತು. ಮನೆಗೆ ನಡೆಯುತ್ತಾ ನಾನು ನನ್ನ ಚಿಂತೆ ಹೊರಗೆ ಹಾಕಿದೆ.

"ಮಾವ, ಇವತ್ತು ಕಪ್ಪು ಹೋಯ್ತು. ಮುಂದಿನ ಭಾನುವಾರ ಅವನು ಅಲ್ಲಿ ತೇರ್ಗಡೆಯಾದ್ರೆ ಅವನೂ ಹೋಗ್ತಾನೆ. ಆಮೇಲೆ ನಮ್ಮ ಕ್ಲಬ್ಬಲ್ಲಿ ಏನುಳೀತು?"

"ಏನೂ ಉಳಿಯಲ್ಲ," ಎಂದರು ಮಾವ, ಬಹಳ ಸಮಾಧಾನವಾಗಿ.

"ಗೊತ್ತಿದ್ದೂ ಹಿಂಗೆ ಮಾಡಿದ್ರಾ?"

"ನಾನು ಮಂಡಿ ನೋಡೋನು ಕಣಪ್ಪಾ. ಕ್ಲಬ್ಬು ನೋಡ್ಕೊಳ್ಳಕ್ಕೆ ನೀನಿದ್ದೀಯಲ್ಲ."

ಮುನಿರಾಜು ತೇರ್ಗಡೆಯಾದ. ಸುದ್ದಿ ಬಂದ ದಿನ ಕ್ಷೌರದವನು ತಾನಾಗಿಯೇ ಬಂದು ಜಗಲಿಯ ಮೇಲೆಯೇ ಮಾವನ ಎರಡೂ ಕೆನ್ನೆ ಬೋಳಿಸಿ ಹೋದ.

ಮುನಿರಾಜು ಕೆಲಸಕ್ಕೆ ಸೇರಲು ಹೊರಟ ಬೆಳಿಗ್ಗೆ ಹಳೇ ಮದರಾಸು ರಸ್ತೆಯ ಬಸ್ ಸ್ಟ್ಯಾಂಡಿಗೆ ನಾವೆಲ್ಲ ಹೋಗಿದ್ದೆವು. ಕಬ್ಬಿಣದ ಟ್ರಂಕು, ಹೊಸ ಟೆರಿಲಿನ್ ಪ್ಯಾಂಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತ ತಾಯಿ. ಬಸ್ಸು ಬಂದು ನಿಂತಿತು. ಮುನಿರಾಜು ಮಾವನ ಕಾಲಿಗೆ ನಮಸ್ಕರಿಸಲು ಬಗ್ಗಿದ.

"ಲೋ, ಲೋ! ಮಂಡಿ ಊರಬೇಡ!" ಎಂದು ಮಾವ ಕೂಗಿ ಅವನ ರಟ್ಟೆ ಹಿಡಿದು ನಿಲ್ಲಿಸಿದರು. "ಬಸ್ಸಲ್ಲಿ ನಿಂತ್ಕೊಂಡು ಹೋಗೋದೈತೆ."

ನಿಲ್ಲಿಸಿದವರು ತಾವೇ ಕೂತರು. ರಸ್ತೆಯ ಧೂಳಿನಲ್ಲಿ, ಅಷ್ಟು ಜನರ ನಡುವೆ, ತಮ್ಮ ಮಗನ ವಯಸ್ಸಿನವನ ಎದುರು ನೆಲಕ್ಕೆ ಕೂತು, ಎರಡೂ ಅಂಗೈಗಳಲ್ಲಿ ಆ ಬಲಮಂಡಿಯನ್ನು ಹಿಡಿದುಕೊಂಡರು. ದೊಡ್ಡವರು ಚಿಕ್ಕವರ ಕಾಲು ಹಿಡಿದಂತೆ ಕಾಣುತ್ತಿತ್ತು. ಮುನಿರಾಜು ಹಿಂದೆ ಸರಿಯಲಾರದೆ, ನಿಲ್ಲಲಾರದೆ, "ಯಜಮಾನ್ರೇ, ಏಳಿ, ಏಳಿ," ಎನ್ನುತ್ತಿದ್ದ. ಮಾವ ಏಳಲಿಲ್ಲ. ತಲೆಯನ್ನೂ ಎತ್ತಲಿಲ್ಲ.

ಕಂಡಕ್ಟರು ಬಾಗಿಲಿನಿಂದ ಇಣುಕಿದ. "ಯಜಮಾನ್ರೇ, ಆ ಮಂಡಿ ಬಸ್ಸು ಹತ್ತೋದೋ, ಇಲ್ಲೇ ಇರೋದೋ?"



"ಹತ್ತುತ್ತೆ ಇರಪ್ಪಾ," ಎಂದರು ಮಾವ ನೆಲ ನೋಡುತ್ತಲೇ. "ಇನ್ನೊಂದು ಸಲ ನೋಡ್ತೀನಿ."

ಬಸ್ಸು ಹೊರಟಾಗ ಮುನಿರಾಜು ಫುಟ್‌ಬೋರ್ಡಿನ ಮೇಲೆ ನಿಂತಿದ್ದ. ಹೊಸ ಪ್ಯಾಂಟಿನ ಬಲಮಂಡಿಯ ಮೇಲೆ ಧೂಳು ಮೆತ್ತಿದ ಎರಡು ಅಂಗೈ ಗುರುತು, ನಡುವೆ ಒದ್ದೆಯಾದ ಒಂದು ಕಲೆ. ಅದನ್ನು ಅವನು ಕೊಡವಿಕೊಳ್ಳಲಿಲ್ಲ, ಒರೆಸಿಕೊಳ್ಳಲೂ ಇಲ್ಲ. ಹಾಗೆಯೇ ಹೋದ.