ಭೀಮೇಶನ ಇನ್ನೂರು ಹುಳಗಳು

ಅತ್ತೆ ಬಂಗಾರಮ್ಮನವರು ಬೆಳಿಗ್ಗೆ ಆರೂವರೆಗೆ ಮಾಡಿದ ಒಂದು ಉಪಕಾರದಿಂದ ಭೀಮೇಶನ ಕೆಲಸಕ್ಕೇ ಸಂಚಕಾರ ಬಂತು.

ಜನ್ನಾಪುರದ ಮಗಳ ಮನೆಗೆ ನಾಲ್ಕು ದಿನದ ಮಟ್ಟಿಗೆ ಬಂದಿದ್ದ ಅವರು, ಹೊರಡುವ ದಿನ ಅಡುಗೆಮನೆಯ ಅಟ್ಟ ಒರೆಸಲು ಹೋದರು. ಹಿಂದುಗಡೆ, ಬಾಯಿಗೆ ಬಟ್ಟೆ ಕಟ್ಟಿದ ಗಾಜಿನ ಭರಣಿಯೊಂದು ಸಿಕ್ಕಿತು. ಒಳಗೆ ಗೋಧಿ, ಗೋಧಿಯ ತುಂಬ ಹುಳ. ಮಗಳ ಮರ್ಯಾದೆಯ ಗತಿ ಏನು ಎಂದುಕೊಂಡರು. ಯಾರೂ ನೋಡುವ ಮೊದಲೇ ಎಲ್ಲವನ್ನೂ ಮೊರಕ್ಕೆ ಸುರಿದು, ಕೇರಿ, ಹುಳಗಳನ್ನು ಪಕ್ಕದ ಮನೆಯ ಕೋಳಿಗಳಿಗೆ ಹಾಕಿ, ಗೋಧಿ ತೊಳೆದು ತಾರಸಿಯ ಮೇಲೆ ಹರವಿ ಬಂದರು.

ಭೀಮೇಶ್ ಸ್ನಾನ ಮುಗಿಸಿ ಬರುವಷ್ಟರಲ್ಲಿ ಭರಣಿ ಫಳಫಳ ಹೊಳೆಯುತ್ತಿತ್ತು.

"ಅಳಿಯಂದ್ರೆ, ಮಧುಶ್ರೀನ ಬೈಬೇಡಿ. ಮನೆಕೆಲಸ ಹೆಚ್ಚು, ಅವಳಿಗೆ ಗಮನ ಇರಲ್ಲ. ಹುಳಾನೆಲ್ಲ ಪಕ್ಕದ ಮನೆ ಕೋಳಿಗೆ ಹಾಕ್ದೆ, ನಾನೂ ಏನೂ ನೋಡಿಲ್ಲ ಅನ್ಕೊಳ್ಳಿ," ಎಂದು ಅತ್ತೆ ಮೆಲ್ಲಗೆ ಹೇಳಿದರು.

ಭೀಮೇಶ್ ಖಾಲಿ ಭರಣಿ ಎತ್ತಿ ಒಳಗೆ ಇಣುಕಿದ. ಆ ಹುಳಗಳೇ ತನ್ನ ನೌಕರಿ ಎಂದು ಹೇಗೆ ಹೇಳುವುದು? ಶಿವಮೊಗ್ಗದ ಒಂದು ಕೀಟ ಸಂಶೋಧನಾ ಕೇಂದ್ರದಲ್ಲಿ ಅವನು ಗುತ್ತಿಗೆ ಸಹಾಯಕ. ಹೆಣ್ಣು ನೋಡಲು ಹೋದಾಗ "ವಿಜ್ಞಾನಿಗಳ ಜೊತೆ ಕೆಲಸ" ಎಂದಿದ್ದ. ಸುಳ್ಳೇನಲ್ಲ. ವಿಜ್ಞಾನಿಗಳು ಬರೆಯುತ್ತಿದ್ದರು, ಇವನು ಪಕ್ಕದಲ್ಲಿ ಕೂತು ಹುಳಗಳಿಗೆ ಗೋಧಿ ಹಾಕುತ್ತಿದ್ದ.

ರಜೆಯಲ್ಲಿ ಲ್ಯಾಬಿನ ಕರೆಂಟ್ ರಿಪೇರಿ ಇದ್ದದ್ದರಿಂದ ಸಂಶೋಧನಾ ವಿದ್ಯಾರ್ಥಿನಿ ಇಂಪನಾ ಭರಣಿಯನ್ನು ಇವನ ಕೈಗೆ ಕೊಟ್ಟಿದ್ದಳು. "ಭೀಮಣ್ಣ, ಇನ್ನೂರಿದಾವೆ, ಎಲ್ಲಾ ಒಂದೇ ವಾರ ಹುಟ್ಟಿದ್ದು. ಮಕ್ಕಳ ಥರ ನೋಡ್ಕೊಳ್ಳಿ," ಎಂದಿದ್ದಳು. ಇವತ್ತು ಮಧ್ಯಾಹ್ನ ಮೂರಕ್ಕೆ ಮುಖ್ಯಸ್ಥರಾದ ವಿಶ್ವಾರಾಧ್ಯ ಅವರ ಎದುರಿಗೆ ಅವಳು ಹುಳ ಕೊಲ್ಲಲೆಂದು ಸೊಪ್ಪಿನಿಂದ ತೆಗೆದ ಎಣ್ಣೆಯನ್ನು ಇವುಗಳ ಮೇಲೆ ಪ್ರಯೋಗಿಸಬೇಕು. ಐದಕ್ಕೆ ಅದೇ ವಿಶ್ವಾರಾಧ್ಯ ಅವರು ಗುತ್ತಿಗೆಯವರಲ್ಲಿ ಯಾರನ್ನು ಇನ್ನೊಂದು ವರ್ಷ ಇಟ್ಟುಕೊಳ್ಳಬೇಕೆಂಬ ಪಟ್ಟಿಗೆ ಸಹಿ ಹಾಕುವವರಿದ್ದರು. ಹುಳ ಇಲ್ಲದಿದ್ದರೆ ಮೊದಲು ಹೊಡೆದುಹಾಕುವ ಹೆಸರು ಯಾವುದೆಂದು ಭೀಮೇಶನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಿತ್ತಲಿಗೆ ಓಡಿದ. ಕೋಳಿಗಳು ತಿಂಡಿ ಮುಗಿಸಿ ಕೊಕ್ಕು ಒರೆಸಿಕೊಳ್ಳುತ್ತಿದ್ದವು.

ಗೋಧಿಯಲ್ಲಿ ಹುಳಕ್ಕೇನು ಬರವೇ, ಅಕ್ಕಪಕ್ಕದಲ್ಲಿ ಕೇಳಿದರಾಯಿತು ಎಂದುಕೊಂಡ. ಪಾಪ, ಮದುವೆಯಾಗಿ ಆರು ವರ್ಷವಾದ ಗಂಡಸಿಗೆ ಇಷ್ಟು ತಿಳಿದಿರಬೇಕಿತ್ತು. ಒಂದು ಮನೆಯಲ್ಲಿ ಸಕ್ಕರೆ ಕೇಳಬಹುದು, ಕಾಫಿಪುಡಿ ಕೇಳಬಹುದು, ಹುಳ ಕೇಳಬಾರದು.

"ಸಣ್ಣಕ್ಕ, ನಿಮ್ಮನೆ ಗೋಧೀಲಿ ಹುಳ ಇದಾವಾ?"

ಕೋಳಿಗಳ ಒಡತಿ ಸಣ್ಣಮ್ಮ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು. "ಯಾರು ಹೇಳಿದ್ದು? ಮಧುಶ್ರೀನಾ?"

"ಯಾರೂ ಹೇಳಿಲ್ಲ. ನಂಗೆ ಒಂದಿಷ್ಟು ಬೇಕಾಗಿತ್ತು."

"ಹುಳ ಬೇಕಾಗಿತ್ತಾ? ತಲೆ ನೆಟ್ಟಗಿದ್ಯಾ ಮಾರಾಯ? ಈ ಮನೆಗೆ ಬಂದು ಹದಿನೆಂಟು ವರ್ಷ ಆಯ್ತು. ಒಂದೇ ಒಂದು ಹುಳ ತೋರ್ಸು, ಮನೆ ನಿನ್ನ ಹೆಸರಿಗೆ ಬರ್ಕೊಡ್ತೀನಿ," ಎಂದು ಬಾಗಿಲು ಹಾಕಿಕೊಂಡಳು.

ಬೀದಿಯ ಕೊನೆಗೆ ಹೂವಪ್ಪನ ಹಿಟ್ಟಿನ ಗಿರಣಿ. ಊರಿನ ಗೋಧಿಯೆಲ್ಲ ಬರುವ ಜಾಗ. ಭೀಮೇಶ್ ಕೇಳಿದ್ದಕ್ಕೆ ಹೂವಪ್ಪ ಆಚೀಚೆ ನೋಡಿ ದನಿ ತಗ್ಗಿಸಿದ.

"ಹುಳ ಬರ್ದೇ ಏನು, ಬರ್ತವೆ. ಆದ್ರೆ ನಾನು ನೋಡಲ್ಲ. ಅವರು ಡಬ್ಬಿ ಮುಚ್ಚಳ ತೆಗೀತಾರೆ, ನಾನು ಫ್ಯಾನ್ ನೋಡ್ತೀನಿ. ಇಪ್ಪತ್ತು ವರ್ಷದಿಂದ ಗಿರಾಕಿ ಉಳಿಸ್ಕೊಂಡಿರೋದೇ ಹಿಂಗೆ."

"ಇವತ್ತೊಂದಿನ ನೋಡಿ ಹೂವಪ್ಪಣ್ಣ."

"ನೋಡ್ದೆ ಅಂತ ಗೊತ್ತಾದ್ರೆ ನಾಳೆಯಿಂದ ಇಲ್ಲಿ ಹುಳಾನೂ ಬರಲ್ಲ, ಗೋಧಿನೂ ಬರಲ್ಲ. ಹೋಗು ಮಾರಾಯ."

ಮನೆಗೆ ಹಿಂತಿರುಗುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ತಲುಪಿತ್ತು. ಭೀಮೇಶನ ಮನೆಯ ಗೋಧಿಗೆ ವಿಪರೀತ ಹುಳ ಬಿದ್ದು ಅವನು ದಿಕ್ಕು ತೋಚದೆ ಬೀದಿ ಸುತ್ತುತ್ತಿದ್ದಾನಂತೆ. ಗೇಟಿನ ಹತ್ತಿರ ಒಬ್ಬಾಕೆ ಬೇವಿನ ಸೊಪ್ಪು, ಒಬ್ಬಾಕೆ ಒಣಮೆಣಸಿನಕಾಯಿ ಹಿಡಿದು ನಿಂತಿದ್ದರು. ಸಣ್ಣಮ್ಮ ಹರಳೆಣ್ಣೆ ತಂದಿದ್ದಳು. ಎಲ್ಲರ ಮುಖದಲ್ಲೂ ಕನಿಕರ, ಕನಿಕರದ ಅಡಿಯಲ್ಲಿ ಒಂಚೂರು ಸಂತೋಷ. ಮಧುಶ್ರೀ ಎಲ್ಲವನ್ನೂ ತೆಗೆದುಕೊಂಡು ಗಂಡನ ಕಡೆ ಒಮ್ಮೆ ನೋಡಿದಳು. ಇವತ್ತು ಊಟದ ಡಬ್ಬಿ ಇಲ್ಲವೆಂದು ಅವನಿಗೆ ಅರ್ಥವಾಯಿತು.

ಹತ್ತೂವರೆಗೆ ಅತ್ತೆಯ ಚೀಲ ಹೊತ್ತು, ಖಾಲಿ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗದ ಬಸ್ಸಿನಲ್ಲಿ ಕೂತ. ಅವರನ್ನು ವಿದ್ಯಾನಗರದ ಮನೆಗೆ ಬಿಟ್ಟು, ಆಮೇಲೆ ಲ್ಯಾಬಿಗೆ ಹೋಗಿ ಉಗಿಸಿಕೊಳ್ಳುವುದು ಎಂದು ತೀರ್ಮಾನಿಸಿದ್ದ. ದಾರಿಯುದ್ದಕ್ಕೂ ಬಂಗಾರಮ್ಮ ಗೋಧಿ ಕಾಯುವ ಬಗೆಯನ್ನು ವಿವರಿಸಿದರು. "ನಮ್ಮನೇಲಿ ನಲವತ್ತು ವರ್ಷದಿಂದ ಡ್ರಮ್ಮಲ್ಲೇ ಗೋಧಿ ಇಡೋದು. ಒಂದು ಹುಳ ಕಂಡಿಲ್ಲ," ಎಂದರು. ಭೀಮೇಶ್ ಹೂಂಗುಟ್ಟಿದ.

ವಿದ್ಯಾನಗರದಲ್ಲಿ ಅತ್ತೆ ಕಾಫಿ ಮಾಡಲು ಒಳಗೆ ಹೋದರು. ಕುರ್ಚಿಯಲ್ಲಿ ಕೂತ ಭೀಮೇಶನ ಮಣಿಕಟ್ಟಿನ ಮೇಲೆ ಏನೋ ಹರಿದಂತಾಯಿತು. ಎಳ್ಳಿನಷ್ಟು ಗಾತ್ರ, ಕಪ್ಪು ಮೈ, ಪುಟ್ಟ ಸೊಂಡಿಲಿನಂಥ ಮೂತಿ. ಆ ಮೂತಿಯನ್ನು ಅವನು ಬಂಧುಬಳಗದವರ ಮುಖಕ್ಕಿಂತ ಚೆನ್ನಾಗಿ ಬಲ್ಲ. ಗೋಡೆಯ ಮೇಲೆ ಇನ್ನೊಂದು, ಅದರ ಹಿಂದೆ ಸಾಲು. ಸಾಲು ಹಿಡಿದು ಉಗ್ರಾಣಕ್ಕೆ ಹೋಗಿ ಡ್ರಮ್ಮಿನ ಮುಚ್ಚಳ ಎತ್ತಿದರೆ ಗೋಧಿ ತಾನಾಗಿಯೇ ಅಲುಗುತ್ತಿತ್ತು.

ಹಿಂದೆ ಲೋಟ ಇಟ್ಟ ಸದ್ದಾಯಿತು.

"ಆರು ತಿಂಗ್ಳಾಯ್ತು ಅಳಿಯಂದ್ರೆ," ಎಂದರು ಬಂಗಾರಮ್ಮ. ದನಿ ಸಣ್ಣಗಾಗಿತ್ತು. "ಬೇವಿನ ಸೊಪ್ಪು ಹಾಕ್ದೆ, ಹರಳೆಣ್ಣೆ ಸವರ್ದೆ, ಅಂಗಡಿಯಿಂದ ಮೂರು ಥರ ಔಷಧ ತಂದೆ. ಯಾವುದಕ್ಕೂ ಸಾಯಲ್ಲ. ನಾನು ಪ್ಯಾಕೆಟ್ ಹಿಟ್ಟು ತಂದು ಚಪಾತಿ ಮಾಡ್ಕೊಂತಿದೀನಿ. ಊರಿಗೆಲ್ಲ ಬುದ್ಧಿ ಹೇಳೋ ಬಾಯಿ ನಂದು, ಯಾರ ಹತ್ರ ಹೇಳ್ಲಿ?" ಕಣ್ಣಲ್ಲಿ ನೀರು ತುಂಬಿತ್ತು.

ಭೀಮೇಶನಿಗೆ ಒಂದು ಕಡೆ ಅಯ್ಯೋ ಅನಿಸಿತು, ಇನ್ನೊಂದು ಕಡೆ ಕುಣಿಯಬೇಕೆನಿಸಿತು. "ಅಳಬೇಡಿ ಅತ್ತೆ. ನನ್ನ ಕೆಲಸಾನೇ ಹುಳ ಸಾಕೋದು," ಎಂದು ಆರು ವರ್ಷದಿಂದ ಮುಚ್ಚಿಟ್ಟದ್ದನ್ನೆಲ್ಲ ಹೇಳಿಬಿಟ್ಟ. ಬೆಳಿಗ್ಗೆ ಕೋಳಿಗೆ ಹಾಕಿದ್ದೇನೆಂದು ತಿಳಿದು ಅವರು ಹಣೆ ಚಚ್ಚಿಕೊಂಡರು.

"ನೀವು ಕೇರಿದ್ರೆ ಹೊರಗಿರೋವು ಮಾತ್ರ ಹೋಗ್ತವೆ," ಎಂದು ವಿವರಿಸಿದ. "ಹೆಣ್ಣು ಹುಳ ಕಾಳಿಗೆ ತೂತು ಕೊರೆದು, ಒಳಗೆ ಒಂದು ಮೊಟ್ಟೆ ಇಟ್ಟು, ಬಾಯಿ ಮೆತ್ತಿಬಿಡುತ್ತೆ. ಮರಿ ಒಳಗೇ ತಿಂದ್ಕೊಂಡು ಬೆಳೆದು ಒಂದು ತಿಂಗಳಿಗೆ ಹೊರಗೆ ಬರೋದು. ಡ್ರಮ್ ಖಾಲಿ ಮಾಡ್ದೆ ಹಳೇ ಗೋಧಿ ಮೇಲೆ ಹೊಸದು ಸುರಿದ್ರೆ ಮುಗೀತು."

"ಅಂದ್ರೆ ಆರು ತಿಂಗಳಿಂದ ನಾನೇ ಬಾಣಂತನ ಮಾಡ್ತಿದ್ದೆ ಅನ್ನಿ," ಎಂದು ಬಂಗಾರಮ್ಮ ಅಳುತ್ತಲೇ ನಕ್ಕರು.

ಅತ್ತೆ ಅಳಿಯ ನೆಲದ ಮೇಲೆ ಕೂತು ಬ್ರಷ್ಷಿನಲ್ಲಿ ಒಂದೊಂದೇ ಹುಳ ಹಿಡಿದು ಭರಣಿಗೆ ಹಾಕಿದರು. ಅತ್ತೆಯ ಕೈಯೇ ಚುರುಕು. ಮದುವೆಯಾದ ಮೇಲೆ ಅವರಿಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂತದ್ದು ಅದೇ ಮೊದಲು. ಇನ್ನೂರನೆಯದು ಬಿದ್ದಾಗ ಅವರು ಅವನ ಕೈ ಹಿಡಿದು, "ಇದು ಮಧುಶ್ರೀಗೂ ಗೊತ್ತಾಗ್ಕೂಡ್ದು, ಆಣೆ ಮಾಡಿ," ಎಂದರು. ಅವನು ಮಾಡಿದ.

ಮೂರಕ್ಕೆ ಪ್ರಯೋಗ ಶುರುವಾಯಿತು. ಇಂಪನಾಳ ಎಣ್ಣೆ ಸವರಿದ ತಟ್ಟೆಯಲ್ಲಿ ಗಂಟೆಯೊಳಗೆ ಹುಳಗಳು ಕಾಲು ಮೇಲೆ ಮಾಡಬೇಕಿತ್ತು. ಗಂಟೆಯಾದರೂ ಒಂದೂ ಮಾಡಲಿಲ್ಲ. ಎಣ್ಣೆ ಎರಡರಷ್ಟು ಹಾಕಿದಳು. ಹುಳಗಳು ಸ್ವಲ್ಪ ನಿಧಾನವಾಗಿ, ಸಂಜೆಯ ವಾಕಿಂಗಿಗೆ ಹೊರಟವರ ಹಾಗೆ ಓಡಾಡಿದವು. ಅವಳು ಲೆನ್ಸ್ ಹಿಡಿದು ಬಗ್ಗಿದಳು.

"ಭೀಮಣ್ಣ, ಇವು ನನ್ನ ಹುಳ ಅಲ್ಲ. ನನ್ನವು ಎಳೇವು, ಇನ್ನೂ ಕೆಂಪಗಿದ್ವು."

ಅವಳ ಮುಖ ನೋಡಿ ಭೀಮೇಶನಿಗೆ ಸುಳ್ಳು ಹೇಳಲಾಗಲಿಲ್ಲ. "ತಪ್ಪೆಲ್ಲ ನಂದೇ ಸರ್, ಇವರದ್ದೇನಿಲ್ಲ," ಎಂದು, ಮನೆಯ ಗುರುತೊಂದನ್ನು ಬಿಟ್ಟು ಎಲ್ಲ ಹೇಳಿದ. ವಿಶ್ವಾರಾಧ್ಯ ಅವರ ಮೊಣಕೈ ಕೆಳಗೆ ಪಟ್ಟಿ ಇತ್ತು. ಅವರು ಲೆನ್ಸಿನಿಂದ ಕಣ್ಣು ತೆಗೆಯಲಿಲ್ಲ.

"ಎಷ್ಟು ಔಷಧ ಕಂಡಿದಾವೆ ಇವು?"

"ಎಲ್ಲಾ, ಸರ್. ಆರು ತಿಂಗಳಿಂದ."

"ಇಂಪನಾ, ನಿನ್ನ ಹುಳ ತಿಂಗಳಲ್ಲಿ ಮತ್ತೆ ಸಾಕ್ಕೋಬಹುದು. ಇಂಥವು ಹುಡುಕಿದ್ರೂ ಸಿಗಲ್ಲ. ಇವನ್ನ ಇರೋ ಮನೇಲೇ ಒಂದು ವರ್ಷ ನೋಡ್ಬೇಕು. ಯಾರ ಮನೆ ಭೀಮೇಶ್?"

"ಹೇಳಲ್ಲ ಅಂತ ಆಣೆ ಮಾಡಿದೀನಿ ಸರ್."

ವಿಶ್ವಾರಾಧ್ಯ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. "ಮನೆ ಇಲ್ದಿದ್ರೆ ಅಧ್ಯಯನ ಇಲ್ಲ. ಅಧ್ಯಯನ ಇಲ್ದಿದ್ರೆ ನಿನ್ನ ಇಟ್ಕೊಂಡು ಏನ್ ಮಾಡ್ಲಿ?"

ಭೀಮೇಶ್ ಮನಸ್ಸಿನಲ್ಲೇ ಅತ್ತೆಗೆ ಕೈ ಮುಗಿದ. ಆಮೇಲೆ ಹೇಳಿದ.

ಐದಕ್ಕೆ ಆದೇಶ ಕೈಗೆ ಬಂತು. ಇನ್ನೊಂದು ವರ್ಷ ಕೆಲಸ ಗ್ಯಾರಂಟಿ. ಪ್ರತಿದಿನ ಬೆಳಿಗ್ಗೆ, ಸಂಜೆ ಆ ಡ್ರಮ್ಮಿನ ಹುಳ ಎಣಿಸಿ ಬರೆಯಬೇಕು. ಮನೆಯವರು ಕೇರುವಂತಿಲ್ಲ, ಒಣಗಿಸುವಂತಿಲ್ಲ, ಔಷಧ ಹಾಕುವಂತಿಲ್ಲ. ನಿಯಮದ ಪ್ರಕಾರ ಗೇಟಿಗೆ ಬೋರ್ಡ್ ಹಾಕಬೇಕು. ಬೋರ್ಡನ್ನೂ ಬರೆಸಿಯೇ ಕೊಟ್ಟರು: 'ಔಷಧಕ್ಕೆ ಸಾಯದ ಗೋಧಿ ಹುಳಗಳ ಅಧ್ಯಯನ. ಸ್ಥಳ: ಶ್ರೀಮತಿ ಬಂಗಾರಮ್ಮನವರ ಮನೆ.'

ಆರೂವರೆಗೆ ಭೀಮೇಶ್ ವಿದ್ಯಾನಗರದ ಗೇಟು ತೆಗೆದ. ಬಂಗಾರಮ್ಮ ನಗುತ್ತಾ ಎದುರಿಗೆ ಬಂದರು. "ಪಾಸಾದ್ವಾ ನಮ್ಮ ಹುಳ?"

ಅವನು ಬೋರ್ಡನ್ನೂ ಆದೇಶವನ್ನೂ ಮುಂದೆ ಹಿಡಿದ. ಅವರು ಕನ್ನಡಕ ಹಾಕಿಕೊಂಡು ಎರಡನ್ನೂ ಪೂರ್ತಿ ಓದಿದರು. ಬೈಗುಳಕ್ಕಾಗಿ ಭೀಮೇಶ್ ತಲೆ ತಗ್ಗಿಸಿ ಕಾದ. ಬೈಗುಳ ಬರಲಿಲ್ಲ. ಅವರು ಒಳಗೆ ಹೋಗಿ, ಹತ್ತು ನಿಮಿಷದಲ್ಲಿ ದೊಡ್ಡದೊಂದು ಸೂಟ್‌ಕೇಸ್ ಎಳೆದುಕೊಂಡು ಬಂದು, ಮನೆಯ ಬೀಗದ ಕೈ ಅವನ ಅಂಗೈಯಲ್ಲಿಟ್ಟರು.

"ಬೋರ್ಡ್ ಇಳಿಯೋವರೆಗೂ ನಾನು ಜನ್ನಾಪುರದಲ್ಲಿ ಮಗಳ ಜೊತೆ ಇರ್ತೀನಿ. ಎರಡು ಹೊತ್ತೂ ಎಣಿಸ್ಬೇಕಲ್ಲ, ನೀವು ಇಲ್ಲೇ ಇರಿ. ಮಧುಶ್ರೀ ಕೇಳಿದ್ರೆ, ಹುಳ ಎಲ್ಲಾ ಅಳಿಯಂದ್ರು ಆಫೀಸಿಂದ ತಂದು ಬಿಟ್ಟಿದ್ದು ಅಂತೀನಿ," ಎಂದು ಆಟೋ ಹತ್ತಿದ ಅವರು, ಮನಸ್ಸು ತಡೆಯದೆ ತಲೆ ಹೊರಗೆ ಹಾಕಿದರು. "ರಾತ್ರಿಗೆ ಸಾರಿದೆ, ಬಿಸಿ ಮಾಡ್ಕೊಳ್ಳಿ. ಉಪವಾಸ ಮಲಗ್ಬೇಡಿ."