ಕಿಡಿಯಣ್ಣನ ಪಾಸ್‌ವರ್ಡೂ ಅತ್ತೆಯ ಸ್ವಿಚ್ಚೂ

"ಇವತ್ತು ಸಾಕ್ಷಿ ಸಮೇತ ತೋರಿಸ್ತೀನಿ! ನಿಮ್ಮಮ್ಮ ಲೋಕಕ್ಕೆ ಮಾಡಿದ ಅನ್ಯಾಯ ಎಂಥದ್ದೂಂತ ಕಣ್ಣಾರೆ ನೋಡು!"

ವೆಲ್ಡಿಂಗ್ ಅಂಗಡಿಯ ಕಿಡಿಯಣ್ಣ ಹೆಂಡತಿಗೆ ಹೀಗೆ ಸವಾಲೆಸೆದು, ತೋಳೇರಿಸಿ ಕಂಪ್ಯೂಟರಿನ ಮುಂದೆ ಕುಳಿತ. ಆ ಹೆಸರು ಬಂದದ್ದು ವೆಲ್ಡಿಂಗಿನಿಂದಲೋ ಸಿಟ್ಟಿನಿಂದಲೋ ಎಂಬ ಬಗ್ಗೆ ಬೀದಿಯಲ್ಲಿ ಇನ್ನೂ ಒಮ್ಮತವಿಲ್ಲ.

ಅವನ ಕಂಪ್ಯೂಟರ್ ಸಾಮಾನ್ಯದ್ದಲ್ಲ. ಮನೆಯವರು ಮುಟ್ಟದ ಹೊತ್ತಿನಲ್ಲಿ ಅದು ಇಂಟರ್‌ನೆಟ್ ಮೂಲಕ ಎಲ್ಲೋ ಇರುವ ವಿಜ್ಞಾನಿಗಳಿಗೆ ಪುಕ್ಕಟೆಯಾಗಿ ಲೆಕ್ಕ ಮಾಡಿಕೊಡುತ್ತಿತ್ತು. ಹೊಸ ಔಷಧಿ ಹುಡುಕುವ ಲೆಕ್ಕ! ಕೆಲಸಕ್ಕೆ ತಕ್ಕಂತೆ ದಿನವೂ ಅವನ ಖಾತೆಗೆ ಅಂಕ ಬೀಳುತ್ತಿತ್ತು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನಿಗೆ ಜನ್ಮದಲ್ಲಿ ಅಷ್ಟು ಅಂಕ ಬಿದ್ದಿರಲಿಲ್ಲ.

ಹೀಗಿರುವಾಗ ಮನೆಗೆ ಬಂದ ಅತ್ತೆ, "ಯಾರೂ ಇಲ್ಲದ ಕೋಣೇಲಿ ಇದ್ಯಾಕೆ ಸುಮ್ನೆ ಉರೀತಿದೆ?" ಎಂದು ಸ್ವಿಚ್ ಒತ್ತಿ ಆರಿಸಿಬಿಟ್ಟರು. ಕಿಡಿಯಣ್ಣ ಸೂರು ಹಾರಿಹೋಗುವಂತೆ ಕೂಗಾಡಿದ. ಅತ್ತೆ ಚೀಲ ಎತ್ತಿಕೊಂಡು ಹೋದವರು ಮತ್ತೆ ಈ ಹೊಸ್ತಿಲು ತುಳಿಯಲಿಲ್ಲ. ಮಾರನೆಯ ಬೆಳಿಗ್ಗೆಯೂ ಸಿಟ್ಟಿಳಿಯದ ಇವನು, ಆ ಖಾತೆಗೆ ಯಾರಪ್ಪನಿಗೂ ತೆಗೆಯಲಾಗದಂಥ ಹೊಸ ಪಾಸ್‌ವರ್ಡ್ ಹಾಕಿ, ಇಂಟರ್‌ನೆಟ್ಟಿನ ವೈರು ಕಿತ್ತು, ಸ್ಪಾನರ್ ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದ.

ಇವತ್ತು ಹೆಂಡತಿಯೂ ಚೀಲ ತುಂಬಿದ್ದಳು. "ಅಮ್ಮನ್ನ ಕರೆಸ್ತೀರೋ, ಇಲ್ಲಾ ನಾನೇ ಹೋಗ್ಲೋ?"

ಅದಕ್ಕೇ ಈ ಸಾಕ್ಷಿಯ ಶಪಥ!

ವೈರು ಚುಚ್ಚಿದ. ಪಾಸ್‌ವರ್ಡ್ ಒತ್ತಿದ. ತಪ್ಪು! ಅಂದು ಬಾಯಿಗೆ ಬಂದದ್ದನ್ನೇ ಹಾಕಿದ ನೆನಪಿದ್ದುದರಿಂದ ತನಗೆ ಗೊತ್ತಿದ್ದ ಬೈಗುಳಗಳನ್ನೆಲ್ಲ ಒಂದೊಂದಾಗಿ ಒತ್ತಿದ. ಬೈಗುಳಗಳು ಮುಗಿದವೇ ಹೊರತು ಖಾತೆ ತೆರೆಯಲಿಲ್ಲ. ತಲೆಯ ಮೇಲೆ ಕೈಹೊತ್ತು ಕುಳಿತ.

"ಯಾರಪ್ಪನಿಗೂ ತೆಗೆಯೋಕಾಗಲ್ಲ ಅಂದಿದ್ರಿ. ಅಪರೂಪಕ್ಕೆ ನಿಮ್ಮ ಮಾತು ನಿಜವಾಯ್ತು ನೋಡಿ," ಎಂದಳು ಹೆಂಡತಿ.

ಕೊನೆಗೆ 'ಮರೆತಿದ್ದೀರಾ?' ಎಂಬಲ್ಲಿ ಒತ್ತಿದ. ಮೊಬೈಲಿಗೆ ಗುಟ್ಟಿನ ಸಂಖ್ಯೆ ಕಳಿಸಿದ್ದೇವೆ ಎಂದು ಪರದೆ ಹೇಳಿತು. ಯಾವ ಮೊಬೈಲಿಗೆ? ನಂಬರಿನ ಬಾಲ ನೋಡಿದವನೇ ಇಂಗು ತಿಂದ ಮಂಗನಂತಾದ. ಅದು ಅವನ ಹಳೆಯ ಸಿಮ್. ಒಳ್ಳೆಯ ಕಾಲದಲ್ಲಿ ಅತ್ತೆಗೇ ಕೊಟ್ಟಿದ್ದ!

"ನೀನೇ ಕೇಳೇ."

"ನಾನ್ಯಾಕೆ? ಅನ್ಯಾಯ ಆಗಿರೋದು ಲೋಕಕ್ಕೆ, ನನಗಲ್ಲ."

ಬೇರೆ ದಾರಿಯಿಲ್ಲದೆ ತಾನೇ ಫೋನ್ ಮಾಡಿ ಸ್ಪೀಕರ್ ಒತ್ತಿದ. "ಅತ್ತೆ... ಊಟ ಆಯ್ತಾ?"

"ಓಹೋ, ಅಳಿಯಂದಿರು! ಫೋನು ದಾರಿ ತಪ್ಪಿ ಬಂತಾ?"

"ಒಂದು ನಂಬರ್ ಬಂದಿರುತ್ತೆ... ಆ ದಿನದ ಅಂಕದ ಲೆಕ್ಕ ತೆಗೆಯೋಕೆ..."

"ಬಂದಿದೆ. ಕನ್ನಡಕ ಹುಡುಕ್ತೀನಿ, ಇರಿ."

ಕನ್ನಡಕ ಸಿಗುವಷ್ಟರಲ್ಲಿ ಸಂಖ್ಯೆಯ ಆಯುಸ್ಸು ತೀರಿತ್ತು. ಇನ್ನೊಂದು ಕಳಿಸಿದ.

"ಹೇಳ್ತೀನಿ. ಆದ್ರೆ ಆ ದಿನ ನಾನೆಷ್ಟು ಹಾಳು ಮಾಡಿದೆ ಅಂತ ಮಗಳಿಗೂ ಕೇಳೋ ಹಾಗೆ ಓದ್ಬೇಕು."

"ಬೀದಿಗೇ ಕೇಳೋ ಹಾಗೆ ಓದ್ತೀನಿ!"

ಖಾತೆ ತೆರೆಯಿತು. ಆ ದಿನವನ್ನು ಹುಡುಕಿದ. ಕಣ್ಣುಜ್ಜಿಕೊಂಡ. ಅಂಕ ಪೂರ್ತಿ ಬಿದ್ದಿತ್ತು! ಅತ್ತೆ ಆರಿಸಿದ್ದು ಬರೀ ಪರದೆಯನ್ನು. ಲೆಕ್ಕ ಮಾಡುವ ಮೇಜಿನ ಕೆಳಗಿನ ಸಿಪಿಯು ಡಬ್ಬ ಪಾಪ, ತನ್ನ ಪಾಡಿಗೆ ದುಡಿಯುತ್ತಲೇ ಇತ್ತು. ಮಾರನೆಯ ದಿನ, ಇವನು ವೈರು ಕಿತ್ತಲ್ಲಿಂದ, ಸೊನ್ನೆ. ಅದರ ಕೆಳಗೆ ಸೊನ್ನೆ. ಕೆಳಗಿನ ತನಕ ಸೊನ್ನೆಗಳದೇ ಮೆರವಣಿಗೆ!

"ಓದಿ ಅಳಿಯಂದಿರೇ. ಬೀದಿಗೆ ಇನ್ನೂ ಕೇಳಿಸ್ಲಿಲ್ಲ."

"ಅತ್ತೆ... ನೀವು... ಮನೆಗೆ ಬಂದ್ಬಿಡಿ."

"ಬರ್ತೀನಿ. ಆದ್ರೆ ಸ್ವಿಚ್ ಮಾತ್ರ ಮುಟ್ಟಲ್ಲಪ್ಪ!"

ಪರದೆಯನ್ನೊಮ್ಮೆ ಗಂಡನನ್ನೊಮ್ಮೆ ನೋಡಿದ ಹೆಂಡತಿ ಫೋನ್ ಕಿತ್ತುಕೊಂಡಳು.

"ಧಾರಾಳವಾಗಿ ಮುಟ್ಟಮ್ಮ. ಸುಮ್ನೆ ಉರಿಯೋದನ್ನೆಲ್ಲ ಆರಿಸೋಳಲ್ವಾ ನೀನು? ಈ ಸಲ ಇವರಿಂದಲೇ ಶುರು ಮಾಡು!"