ಗುರುವಾರ ಉದುರಬೇಕಿದ್ದ ಮರ

ನಮ್ಮ ವಂಶದಲ್ಲಿ ಪದವಿ ಪಡೆದವನು ನಾನೊಬ್ಬನೇ. ಆದ್ದರಿಂದ ಒಂದು ಮರ ಯಾವ ದಿನ ಎಲೆ ಉದುರಿಸುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹೇಳುವುದು ನನಗೆ ಎಡಗೈ ಕೆಲಸ ಎಂದು ನಾನು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಮನೆಯವರ ಮುಂದೆ ಘೋಷಿಸಿಯೂ ಬಿಟ್ಟೆ!

ನಾನು ಸಸ್ಯೋದ್ಯಾನದ ಕಚೇರಿಯಲ್ಲಿ ದಾಖಲೆ ಗುಮಾಸ್ತ. ಯಾವ ಮರ ಯಾವಾಗ ಚಿಗುರಿತು, ಯಾವಾಗ ಹೂ ಬಿಟ್ಟಿತು, ಯಾವಾಗ ಬೋಳಾಯಿತು ಎಂದು ಬರೆದಿಡುವುದು ನನ್ನ ಉದ್ಯೋಗ. ನನ್ನ ಮಾವ ಅದೇ ಉದ್ಯಾನದಲ್ಲಿ ನಲವತ್ತು ವರ್ಷ ಮಾಲಿಯಾಗಿದ್ದವರು. ಅಂದರೆ ಮಾವ ಮಾಡುತ್ತಿದ್ದರು, ಅಳಿಯ ಬರೆಯುತ್ತಾನೆ. ಯಾರ ಕೆಲಸ ದೊಡ್ಡದು ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಉತ್ತರ ನನಗೆ ಗೊತ್ತಿದೆ ಎಂದುಕೊಂಡಿದ್ದೆ.

ಉದ್ಯಾನದ ನಡುವೆ ಒಂದು ಬೀಸಣಿಗೆ ಮರವಿದೆ. ಎಲೆ ಪುಟ್ಟ ಬೀಸಣಿಗೆಯ ಹಾಗಿರುವುದರಿಂದ ಆ ಹೆಸರು. ಚಳಿಗಾಲದ ಬಾಗಿಲಲ್ಲಿ ಅದು ತುದಿಯಿಂದ ಬುಡದವರೆಗೆ ಅರಿಶಿನ ಬಣ್ಣಕ್ಕೆ ತಿರುಗುತ್ತದೆ. ಬೇರೆ ಮರಗಳು ತಿಂಗಳುಗಟ್ಟಲೆ ಒಂದೊಂದೇ ಎಲೆ ಬಿಡುತ್ತಾ ಕೂತಿದ್ದರೆ, ಇದು ಮಾತ್ರ ಮೊದಲ ಸಲ ಇಬ್ಬನಿ ಗಟ್ಟಿಕಟ್ಟಿದ ಬೆಳಿಗ್ಗೆ, ಒಂದೆರಡು ಗಂಟೆಯೊಳಗೆ, ಇದ್ದಬದ್ದದ್ದನ್ನೆಲ್ಲ ಸುರಿದು ಬರಿಗೈಯಲ್ಲಿ ನಿಂತುಬಿಡುತ್ತದೆ.

ಈ ಸಲ ಮಾವ ಹಾಸಿಗೆ ಹಿಡಿದಿದ್ದರು. ವೈದ್ಯರು ನನ್ನನ್ನು ಹೊರಗೆ ಕರೆದು, ಮುಂದಿನ ಚಿಗುರಿನವರೆಗೆ ಇವರು ಇರುವುದು ಅನುಮಾನ ಎಂದಿದ್ದರು. ಹೆಂಡತಿಗೆ ನಾನು ಹೇಳಲಿಲ್ಲ. ನಾನು ಹೇಳದೆ ಇದ್ದದ್ದು ಅವಳಿಗೆ ಗೊತ್ತಾಗಿತ್ತು. ಮಾವನಿಗಂತೂ ನಮ್ಮಿಬ್ಬರಿಗಿಂತ ಮೊದಲೇ ಗೊತ್ತಿತ್ತು.

ಒಂದು ಸಂಜೆ ಅವರೇ ಬಾಯಿಬಿಟ್ಟು ಕೇಳಿದರು. ಅವರು ಕೇಳುವವರಲ್ಲ, ಹಾಗಾಗಿ ನಾನು ಕೈಲಿದ್ದ ಲೋಟ ಕೆಳಗಿಟ್ಟೆ.

"ನಲವತ್ತು ವರ್ಷ ಆ ಮರ ಉದುರುವಾಗೆಲ್ಲ ನನ್ನ ಕೈಲಿ ಪೊರಕೆ ಇತ್ತು ಅಳಿಯಂದಿರೇ. ಗೇಟು ತೆಗೆಯೋ ಹೊತ್ತಿಗೆ ದಾರಿ ಚೊಕ್ಕಟ ಆಗಬೇಕಲ್ಲ. ಮೇಲೆ ಏನಾಗ್ತಿದೆ ಅಂತ ತಲೆ ಎತ್ತಿ ನೋಡಿದ್ದೇ ಇಲ್ಲ. ಒಂದು ಸಲ ಸುಮ್ಮನೆ ಕೂತು ನೋಡಬೇಕು."

ಇಷ್ಟೇ ತಾನೇ, ಬಿಡಿ ಮಾವ, ಎಂದೆ ನಾನು. ಇಪ್ಪತ್ತೆರಡು ವರ್ಷದ ದಾಖಲೆ ಪುಸ್ತಕ ತೆಗೆದೆ. 'ಬೀಸಣಿಗೆ ಮರ: ಎಲೆ ಉದುರಿದ ದಿನ' ಎಂಬ ಕಾಲಮ್ಮಿನ ಅಷ್ಟೂ ತಾರೀಕುಗಳನ್ನು ಬರೆದುಕೊಂಡೆ, ಚಳಿಯ ಅಂಕಿಗಳನ್ನು ಪಕ್ಕಕ್ಕಿಟ್ಟೆ, ಕೂಡಿದೆ, ಭಾಗಿಸಿದೆ, ನಕ್ಷೆ ಗೀಚಿದೆ. ಮೂರು ದಿನದ ತಪಸ್ಸಿನ ಬಳಿಕ ಗುರುವಾರ ಎಂಬ ಉತ್ತರ ಪ್ರತ್ಯಕ್ಷವಾಯಿತು. ಗುರುವಾರಕ್ಕೆ ಗಾಲಿಕುರ್ಚಿ ಗೊತ್ತು ಮಾಡಿದೆ, ಗುರುವಾರಕ್ಕೆ ವ್ಯಾನು ಹೇಳಿದೆ, ಗುರುವಾರಕ್ಕೆ ಹೆಂಡತಿಯ ರಜೆ ಹಾಕಿಸಿದೆ. ಮರಕ್ಕೊಂದು ತಿಳಿಸುವುದು ಬಾಕಿ ಇತ್ತು.

ಸೋಮವಾರ ಸಂಜೆ ಮಾವ ಕಿಟಕಿ ತೆಗೆಸಿ, ಕೈ ಹೊರಗೆ ಚಾಚಿ, ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡರು. ಆಮೇಲೆ, ನಾಳೆ ಬೆಳಕು ಹರಿಯೋ ಮುಂಚೆ ಕರ್ಕೊಂಡು ಹೋಗ್ತೀರಾ, ಎಂದರು. ನಾನು ನಕ್ಷೆ ತೋರಿಸಿದೆ. ಅವರು ಅದನ್ನು ಮರ್ಯಾದೆಯಿಂದ ನೋಡಿದರು. ತಲೆಕೆಳಗಾಗಿ ಹಿಡಿದಿದ್ದರು, ನಾನು ತಿದ್ದಲಿಲ್ಲ.

"ಆಫೀಸಿನೋರು ಹೇಳಿದ ಮೇಲೆ ಮುಗೀತು," ಎಂದು ಕೈ ಒಳಗೆ ತೆಗೆದುಕೊಂಡರು.

ಅಡುಗೆಮನೆಯಲ್ಲಿ ಹೆಂಡತಿ ಹಿಡಿದುಕೊಂಡಳು.

"ಅಪ್ಪ ನಾಳೆ ಅಂತಿದ್ದಾರಲ್ರೀ."

"ಅದು ಅಂದಾಜು ಕಣೇ. ನಂದು ಇಪ್ಪತ್ತೆರಡು ವರ್ಷದ ಸರಾಸರಿ."

"ಅವರದು ನಲವತ್ತು ವರ್ಷದ ಬೆನ್ನುನೋವು."

ಜಾಣೆ ಎಂದುಕೊಂಡು ನಕ್ಕು ಮಲಗಿದೆ.

ಮಂಗಳವಾರ ಬೆಳಿಗ್ಗೆ ಎಂದಿನಂತೆ ಕಚೇರಿಗೆ ಹೋದೆ. ಸೇವಂತಿಗೆ ಪ್ರದರ್ಶನ ಮುಗಿದು ಬಾಡಿದ ಕುಂಡಗಳು ಸಾಲಾಗಿ ನಿಂತಿದ್ದವು. ತಾವರೆ ಕೊಳದ ನೀರು ಇಳಿಸಿದ್ದರು. ಚಳಿ ತಡೆಯದ ಗಿಡಗಳನ್ನೆಲ್ಲ ಗಾಜಿನ ಮನೆಯೊಳಗೆ ಸೇರಿಸಿ ಬಾಗಿಲು ಹಾಕಿದ್ದರು. ಗಾಜಿನ ಮನೆಯ ಮೂಲೆ ತಿರುಗಿದೆ. ಬೀಸಣಿಗೆ ಮರ ಸಂಪೂರ್ಣ ಬೋಳಾಗಿ ನಿಂತಿತ್ತು. ಕೆಳಗೆ ಕನ್ನಡಿಯಂತೆ ಗುಡಿಸಿದ ನೆಲ.

ಗುಡಿಸುವ ಹೆಂಗಸರ ಮೇಸ್ತ್ರಿಯನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಆಕೆ ಕೊನೆಯ ಮೂಟೆಯ ಬಾಯಿ ಕಟ್ಟುತ್ತಿದ್ದಳು. ನನ್ನ ಮುಖ ನೋಡಿ ಯಾರಿಗೆ ಏನಾಯಿತು ಎಂದು ಕೇಳಿದಳು. ಮರಕ್ಕೆ ಎಂದೆ. ಪುಸ್ತಕದ ಲೆಕ್ಕದಲ್ಲಿ ಇನ್ನೂ ಎರಡು ದಿನ ಬಾಕಿ ಇದೆಯಲ್ಲ ಎಂದು ಗೋಗರೆದೆ.

"ಅಯ್ಯೋ ಸಾರ್, ನಿಮ್ಮೋರು ಉದುರಿದ ದಿನ ಯಾವತ್ತು ಬಂದಿದ್ರು? ಎಲ್ಲಾ ಗುಡಿಸಿ ಮೂಟೆ ಗೊಬ್ಬರದ ಗುಂಡಿ ಸೇರೋಕೆ ಎರಡು ದಿನ ಹಿಡಿಯುತ್ತೆ. ಸೇರಿತು ಅಂತ ನಾವು ಬಂದು ಹೇಳ್ತೀವಿ. ನೀವು ಬರ್ಕೊಳ್ತೀರಿ."

ಇಪ್ಪತ್ತೆರಡು ವರ್ಷ ಕಚೇರಿ ಬರೆದಿಟ್ಟದ್ದು ಎಲೆ ಉದುರಿದ ದಿನವನ್ನಲ್ಲ, ಪೊರಕೆ ಗೋಡೆಗೆ ಒರಗಿದ ದಿನವನ್ನು. ಕೊನೆಯ ಐದು ವರ್ಷದ್ದು ನನ್ನದೇ ಮುದ್ದಾದ ಅಕ್ಷರ.

ಮನೆಗೆ ಹೋದೆ. ಮರ ಹೇಗಿದೆ ಎಂದು ಹೆಂಡತಿ ಕೇಳಿದಳು. ನಿಂತಿದೆ, ಎಂದೆ. ಅದರಲ್ಲಿ ಸುಳ್ಳೇನಿರಲಿಲ್ಲ. ಒಳಗಿನ ಕೋಣೆಯಲ್ಲಿ ಮಾವ ಗುರುವಾರಕ್ಕೆಂದು ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿಸಿ ಕುರ್ಚಿಯ ಮೇಲೆ ಇಡಿಸಿಕೊಂಡಿದ್ದರು. ಅದನ್ನು ನೋಡಿದ ಮೇಲೆ ನನ್ನ ಬಾಯಿ ಹೊಲಿದುಹೋಯಿತು. ಆಗಲೇ ನನ್ನ ತಲೆಯಲ್ಲಿ ಆ ಮಹಾಯೋಜನೆ ಮೊಳೆತದ್ದು. ಉದುರಿದ್ದನ್ನು ಮತ್ತೆ ಉದುರಿಸಿದರಾಯಿತು!

ಗುರುವಾರ ಬೆಳಿಗ್ಗೆ ಅಕ್ಕನ ಕೈಕಾಲು ಹಿಡಿದು, ಗುಂಡಿಗೆ ಹೊರಟಿದ್ದ ಮೂಟೆಗಳನ್ನು ವಾಪಸು ತರಿಸಿದೆ. ಆರು ಮೂಟೆ ನೆಲಕ್ಕೆ ಹರಡಿದೆವು. ಎರಡು ಮೂಟೆ ಹಗ್ಗ ಕಟ್ಟಿ ಮರದ ಮೇಲಿನ ಕವಲಿಗೆ ಏರಿಸಿದೆವು. ಕೊಂಬೆ ಸವರುವ ಉದ್ದ ಏಣಿ ಇಟ್ಟು, ಅವುಗಳ ಹಿಂದೆ ನಾನೂ ಏರಿದೆ. ಹಳ್ಳಿಯಲ್ಲಿ ಹುಟ್ಟಿದವನಿಗೆ ಮರ ಹತ್ತಲು ಬಂದೇ ಬರುತ್ತದೆ ಎಂದು ಅಕ್ಕ ನಂಬಿದ್ದಳು. ಮರ ಹತ್ತುವ ವಯಸ್ಸಿನಲ್ಲಿ ನಾನು ಮರದ ಕೆಳಗೆ ಕೂತು ಓದುತ್ತಿದ್ದೆ. ಈ ಸಂಗತಿ ಹನ್ನೆರಡನೇ ಮೆಟ್ಟಿಲಿನಲ್ಲಿ ನನಗೆ ನೆನಪಾಯಿತು.

ಒಂಬತ್ತಕ್ಕೆ ಗಾಲಿಕುರ್ಚಿ ಬಂತು. ಬಿಳಿ ಅಂಗಿ, ಮೇಲೆ ಕಂಬಳಿ, ಹಿಂದೆ ತಳ್ಳುತ್ತಾ ನನ್ನ ಹೆಂಡತಿ. ಒಪ್ಪಂದದಂತೆ ಅಕ್ಕ ಕೆಮ್ಮಿದಳು. ನಾನು ಕಾಂಡಕ್ಕೆ ಅಂಟಿಕೊಂಡು ಮೊದಲ ಮೂಟೆಯ ಬಾಯಿ ಬಿಚ್ಚಿ ಬಗ್ಗಿಸಿದೆ.

ಏನೂ ಬೀಳಲಿಲ್ಲ. ಎರಡು ದಿನ ಮೂಟೆಯೊಳಗೆ ಬೆವೆತ ಎಲೆ ಮುದ್ದೆಯಾಗಿತ್ತು. ಒದರಿದೆ. ದಪ್ಪನೆ ಒಂದು ಹೆಂಟೆ ಬಿತ್ತು. ಇನ್ನೊಮ್ಮೆ ಒದರಿದೆ. ಬೀಸಣಿಗೆ ಮರದಿಂದ ಬಾಡಿದ ಸೇವಂತಿಗೆಗಳು ಉದುರತೊಡಗಿದವು! ಪ್ರದರ್ಶನದ ಕಸವೂ ಅದೇ ಮೂಟೆ ಸೇರಿತ್ತು. ಅದರ ಹಿಂದೆಯೇ ಯಾರದೋ ಊಟದ ಡಬ್ಬಿಯ ಮುಚ್ಚಳ ಕೊಂಬೆಯಿಂದ ಕೊಂಬೆಗೆ ಬಡಿಯುತ್ತಾ ಇಳಿದು, ಗಾಲಿಕುರ್ಚಿಯ ಮುಂದೆ ಗಿರಗಿರನೆ ತಿರುಗಿ ನಿಂತಿತು. ಗಾಬರಿಯಲ್ಲಿ ಎರಡನೇ ಮೂಟೆಗೆ ಕೈಹಾಕಿದೆ. ಅದು ಇಡಿಯಾಗಿ ಜಾರಿ, ಹೋಗುವಾಗ ಏಣಿಯನ್ನೂ ಕರೆದುಕೊಂಡು ಹೋಯಿತು.

ಕವಲನ್ನು ಅಪ್ಪಿಕೊಂಡು ನಾನು ಕಣ್ಣುಮುಚ್ಚಿದ್ದೆ. ಹೆಂಗಸರು ಏಣಿ ಎತ್ತಿ ನಿಲ್ಲಿಸಿದರು. ನನ್ನ ಕಾಲು ಕದಲಲಿಲ್ಲ. ಕೆಳಗಿನಿಂದ ಮಾವನ ದನಿ ಬಂತು, ತೆಳ್ಳಗೆ, ಕೆಲಸ ಕಲಿಸುವವರ ನಿಧಾನದಲ್ಲಿ.

"ಕೆಳಗೆ ನೋಡಬೇಡಿ ಅಳಿಯಂದಿರೇ. ಎಡಗಾಲು ಬಿಡಿ. ಇನ್ನೂ ಸ್ವಲ್ಪ. ಸಿಕ್ಕಿತಾ? ಈಗ ಬಲಗಾಲು. ಅವಸರ ಇಲ್ಲ, ನಾನು ಇಲ್ಲೇ ಇದ್ದೀನಿ."

ಮಾತಾಡಿದರೆ ಉಸಿರು ಕಟ್ಟುತ್ತಿದ್ದ ಮನುಷ್ಯ, ಇಪ್ಪತ್ತು ಮೆಟ್ಟಿಲೂ ಒಂದೊಂದಾಗಿ ಹೇಳಿ ನನ್ನನ್ನು ನೆಲಕ್ಕೆ ಇಳಿಸಿದರು. ನಾನು ಅವರ ಮುಂದೆ ಬಂದು ನಿಂತೆ. ತಲೆಯಲ್ಲಿ ಸೇವಂತಿಗೆ, ಮುಖದಲ್ಲಿ ಗೊಬ್ಬರ.

"ಯಾವತ್ತು ಉದುರಿತು?" ಎಂದು ಕೇಳಿದರು.

"ಮಂಗಳವಾರ, ಮಾವ. ಬೆಳಿಗ್ಗೆ."

ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅವತ್ತು ಗಾಳಿ ಇರಲಿಲ್ಲ," ಎಂದರು ಮಾವ. "ಚೆನ್ನಾಗಿ ಉದುರಿರುತ್ತೆ."

ಆಮೇಲೆ ಅವರು ಕತ್ತು ಹಿಂದಕ್ಕೆ ಚೆಲ್ಲಿ ಬರೀ ಕೊಂಬೆಗಳನ್ನು ನೋಡುತ್ತಾ ಬಿಸಿಲು ಏರುವವರೆಗೆ ಕೂತಿದ್ದರು. ಗುಡಿಸುವ ಹೆಂಗಸರು ದೂರ ನಿಂತು ಕಾದರು. ಮಾವ ಹೊರಡುವ ತನಕ ಒಬ್ಬಳೂ ನೆಲಕ್ಕೆ ಪೊರಕೆ ಮುಟ್ಟಿಸಲಿಲ್ಲ.

ಹನ್ನೆರಡು ದಿನಕ್ಕೆ ಮಾವ ಹೋದರು. ಬಂದವರೆಲ್ಲ ಹೋದ ಮೇಲೆ, ಖಾಲಿ ಹಾಸಿಗೆಯ ಪಕ್ಕ ನಾವಿಬ್ಬರೇ ಕೂತಿದ್ದಾಗ, ಮಂಗಳವಾರ ಕರೆದುಕೊಂಡು ಹೋಗಬೇಕಿತ್ತು ಎಂದೆ. ದಿನಕ್ಕೆ ಹತ್ತು ಸಲ ಅದನ್ನೇ ಹೇಳುತ್ತಿದ್ದೆ. ಅವಳು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. ಆ ಗುರುವಾರ ವ್ಯಾನಿನಲ್ಲಿ ವಾಪಸು ಬರುವಾಗ ಅಪ್ಪ ಒಂದು ಮಾತು ಹೇಳಿದ್ದರಂತೆ, ತಾನು ಇರುವ ತನಕ ನನಗೆ ಹೇಳಕೂಡದು ಎಂದಿದ್ದರಂತೆ.

"ಏನಂದ್ರು?"

"'ನಲವತ್ತು ವರ್ಷದಲ್ಲಿ ಆ ಮರದ ಮೇಲೆ ಕಾಗೆ ನೋಡಿದ್ದೆ, ಅಳಿಲು ನೋಡಿದ್ದೆ, ಹರಿದ ಗಾಳಿಪಟ ನೋಡಿದ್ದೆ. ಪದವೀಧರನನ್ನ ನೋಡಿದ್ದು ಇದೇ ಮೊದಲು ಮಗಳೇ. ಇನ್ನು ನೋಡೋದು ಏನೂ ಬಾಕಿ ಇಲ್ಲ' ಅಂದ್ರು."